‘ನನಗೇನೂ ಬೇಡ’ ಎನ್ನುವವರು

ಎದುರಿಗಿರುವವರು ಬಾಯಿ ಬಿಡುವ ಮೊದಲೇ ಅವರಿಗೇನು ಬೇಕೆಂದು ಅರಿತುಬಿಡುವ ಕೆಲವರು ಎಲ್ಲ ಕುಟುಂಬಗಳಲ್ಲೂ ಇರುತ್ತಾರೆ. ಬಂದ ನೆಂಟರ ಮುಖ ಬಾಡಿದ್ದು ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಮದುವೆ ಮನೆಯಲ್ಲಿ ಯಾರದೋ ಸೆರಗಿಗೆ ಪಿನ್ನು ಬೇಕಾದರೆ, ಯಾರಿಗೋ ತಲೆನೋವಿನ ಮಾತ್ರೆ ಬೇಕಾದರೆ ಅದು ಅವರ ಚೀಲದಲ್ಲಿ ಇರುತ್ತದೆ. ಮೊದಲ ಪಂಕ್ತಿಯಿಂದ ಕೊನೆಯ ಪಂಕ್ತಿಯವರೆಗೆ ಬಡಿಸುತ್ತಾ ಓಡಾಡುತ್ತಾರೆ. ‘ನಿಮ್ಮದಾಯ್ತಾ ಊಟ?’ ಎಂದು ಯಾರಾದರೂ ಕೇಳಿದರೆ, ‘ನಂದೇನು ಬಿಡಿ, ನೀವು ಸರಿಯಾಗಿ ಮಾಡಿ’ ಎನ್ನುತ್ತಾರೆ. ಏನು ಬೇಕು ಎಂದು ಒತ್ತಾಯಿಸಿ ಕೇಳಿದರೂ ಸಿಗುವುದು ಒಂದೇ ಉತ್ತರ: ‘ನನಗೇನೂ ಬೇಡಪ್ಪ.’

ಇಂಥವರನ್ನು ನಾವು ತ್ಯಾಗಮಯಿ ಎಂದು ಕರೆದು ಕೈಮುಗಿಯುತ್ತೇವೆ. ಎನ್ನಿಯಾಗ್ರಾಮ್ ಎಂಬ ಸ್ವಭಾವ ವಿಚಾರ ಮಾತ್ರ ಆ ‘ನನಗೇನೂ ಬೇಡ’ ಎಂಬ ಮಾತನ್ನು ಹಿಡಿದು ನಿಲ್ಲಿಸುತ್ತದೆ. ಅದು ಮನುಷ್ಯರನ್ನು ಒಂಬತ್ತು ಬಗೆಗಳಾಗಿ ನೋಡುತ್ತದೆ. ಅದರಲ್ಲಿ ಎರಡನೆಯ ಬಗೆ ಈ ಉಪಕಾರಿಯದು. ಈ ಬಗೆಯ ಬೇರಿನಲ್ಲಿರುವ ದೋಷ ಅಹಂಕಾರ ಎಂದು ಅದು ಹೇಳುತ್ತದೆ. ಮೊದಲ ಸಲ ಕೇಳಿದವರಿಗೆ ಇದು ಅನ್ಯಾಯದ ಮಾತು ಅನ್ನಿಸುತ್ತದೆ. ಹಗಲಿರುಳು ಇನ್ನೊಬ್ಬರಿಗಾಗಿ ದುಡಿಯುವವರಲ್ಲಿ ಎಲ್ಲಿಯ ಅಹಂಕಾರ? ನನ್ನ ಮಟ್ಟಿಗೆ ಇಡೀ ಎನ್ನಿಯಾಗ್ರಾಮಿನಲ್ಲೇ ಅತ್ಯಂತ ಆಳವಾದ ಒಳನೋಟ ಇರುವುದು ಇಲ್ಲಿ. ಆದ್ದರಿಂದ ಉಳಿದ ಎಂಟು ಬಗೆಗಳನ್ನು ಬದಿಗಿಟ್ಟು ಇದೊಂದನ್ನೇ ಬಿಡಿಸಿ ನೋಡುತ್ತೇನೆ.

ಮೊದಲು ಈ ವಿಚಾರ ಎಲ್ಲಿಂದ ಬಂತು ಎಂಬುದನ್ನು ಚುಟುಕಾಗಿ ಹೇಳಬೇಕು. ವೃತ್ತದ ಮೇಲೆ ಒಂಬತ್ತು ಬಿಂದುಗಳಿರುವ ಎನ್ನಿಯಾಗ್ರಾಮ್ ಆಕೃತಿಯನ್ನು ಆಧುನಿಕ ಜಗತ್ತಿಗೆ ಪರಿಚಯಿಸಿದವನು ಆರ್ಮೇನಿಯಾ ಮೂಲದ ಗುರು ಜಾರ್ಜ್ ಗುರ್ಜೀಫ್. ಅವನ ಶಿಷ್ಯ ಉಸ್ಪೆನ್ಸ್ಕಿ ಬರೆದಿಟ್ಟ ಪಾಠಗಳು ಪುಸ್ತಕವಾಗಿ ಬಂದದ್ದು 1949ರಲ್ಲಿ. ಆದರೆ ಗುರ್ಜೀಫ್ ಈ ಆಕೃತಿಯನ್ನು ವ್ಯಕ್ತಿತ್ವಗಳಿಗೆ ಹೊಂದಿಸಿರಲಿಲ್ಲ. ಆ ಕೆಲಸ ಮಾಡಿದವನು ಬೊಲಿವಿಯಾದ ಆಸ್ಕರ್ ಇಚಾಜೊ. 1970ರಲ್ಲಿ ಚಿಲಿ ದೇಶದ ಉತ್ತರದ ತುದಿಯಲ್ಲಿರುವ ಅರಿಕಾ ಪಟ್ಟಣದಲ್ಲಿ ಅವನು ನಡೆಸಿದ ಶಿಬಿರಕ್ಕೆ ಚಿಲಿಯ ಮನೋವೈದ್ಯ ಕ್ಲಾಡಿಯೊ ನರಾಂಜೋ ಹೋಗಿದ್ದ. ಅಲ್ಲಿ ಕಲಿತದ್ದಕ್ಕೆ ತನ್ನ ವೈದ್ಯಕೀಯ ತಿಳಿವಳಿಕೆಯನ್ನು ಸೇರಿಸಿ ಅವನು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಗುಂಪಿಗೆ ಪಾಠ ಮಾಡಿದ. ಆ ಗುಂಪಿನಲ್ಲಿದ್ದ ರಾಬರ್ಟ್ ಆಕ್ಸ್ ಎಂಬ ಪಾದ್ರಿಯ ಮೂಲಕ ಅದು ಜೆಸ್ಯೂಟ್ ಎಂಬ ಕ್ರೈಸ್ತ ಸಂಘದವರ ನಡುವೆ ಹರಡಿತು. ಜೆಸ್ಯೂಟ್ ಸಂಘದಲ್ಲಿದ್ದಾಗಲೇ ಇದನ್ನು ಕಂಡುಕೊಂಡ ಡಾನ್ ರಿಚರ್ಡ್ ರಿಸೋ 1987ರಲ್ಲಿ, ಹೆಲೆನ್ ಪಾಮರ್ 1988ರಲ್ಲಿ ಬರೆದ ಪುಸ್ತಕಗಳಿಂದ ಇದು ಮನೆಮಾತಾಯಿತು.

ಇಚಾಜೊ ಒಂಬತ್ತು ಬಿಂದುಗಳಿಗೆ ಒಂಬತ್ತು ವಿಕಾರಗಳನ್ನು ಹೊಂದಿಸಿದ: ಕೋಪ, ಅಹಂಕಾರ, ವಂಚನೆ, ಅಸೂಯೆ, ಲೋಭ, ಭಯ, ಭೋಗದ ಹಪಾಹಪಿ, ಕಾಮ, ಜಡತೆ. ಅರಿಷಡ್ವರ್ಗಗಳ ಮಾತು ಕೇಳಿ ಬೆಳೆದ ನಮಗೆ ಈ ಪಟ್ಟಿ ಪೂರ್ತಿ ಹೊಸದೇನಲ್ಲ. ಕ್ರೈಸ್ತ ಪರಂಪರೆಯ ಏಳು ಮಹಾಪಾಪಗಳಿಗೆ ವಂಚನೆ ಮತ್ತು ಭಯ ಸೇರಿ ಒಂಬತ್ತಾಗಿವೆ. ಆ ಏಳರ ಬೇರು ಇನ್ನೂ ಹಿಂದಕ್ಕೆ, ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಇವಾಗ್ರಿಯಸ್ ಎಂಬ ಸಂನ್ಯಾಸಿಯವರೆಗೆ ಹೋಗುತ್ತದೆ. ಸಾಧಕನ ಮನಸ್ಸನ್ನು ಕೆಡಿಸುವ ಎಂಟು ಯೋಚನೆಗಳನ್ನು ಅವನು ಗುರುತಿಸಿದ್ದ. ಅವುಗಳಲ್ಲಿ ಅಹಂಕಾರದ ಬಗ್ಗೆ ಅವನು ಹೇಳಿದ್ದರ ಸಾರ ಹೀಗಿದೆ: ಅಹಂಕಾರಕ್ಕೆ ಸಿಕ್ಕ ಸಂನ್ಯಾಸಿ ತನಗೆ ದೇವರ ನೆರವು ಇದೆ ಎಂಬುದನ್ನೇ ಒಪ್ಪುವುದಿಲ್ಲ, ತಾನು ಮಾಡಿದ ಒಳ್ಳೆಯದಕ್ಕೆಲ್ಲ ತಾನೇ ಕಾರಣ ಎಂದುಕೊಳ್ಳುತ್ತಾನೆ.

ಉಪಕಾರಿಯ ಒಗಟು ಬಿಚ್ಚಿಕೊಳ್ಳುವುದು ಈ ಮಾತಿನಲ್ಲಿ. ಅಹಂಕಾರ ಎಂದ ಕೂಡಲೇ ನಮಗೆ ಎದೆಯುಬ್ಬಿಸಿ ಮೀಸೆ ತಿರುವುವ ದರ್ಪ ನೆನಪಾಗುತ್ತದೆ. ಇವಾಗ್ರಿಯಸ್ ಹೇಳುವ ಅಹಂಕಾರ ಮೃದುವಾದದ್ದು, ಕಣ್ಣಿಗೆ ಕಾಣದ್ದು: ನನಗೆ ಯಾರ ನೆರವೂ ಬೇಕಿಲ್ಲ ಎಂಬ ನಂಬಿಕೆ. ಎರಡನೆಯ ಬಗೆಯವರು ಜಗತ್ತನ್ನು ತಮಗೇ ತಿಳಿಯದಂತೆ ಎರಡು ಪಾಲು ಮಾಡಿರುತ್ತಾರೆ. ಒಂದು ಕಡೆ ಬೇಕು ಬೇಡಗಳುಳ್ಳ, ಹಸಿವು, ಸುಸ್ತು, ದುಃಖಗಳುಳ್ಳ ಎಲ್ಲ ಜನ. ಇನ್ನೊಂದು ಕಡೆ, ಅವೆಲ್ಲವನ್ನೂ ನೀಗಿಸಲು ನಿಂತ ತಾವೊಬ್ಬರು. ನೀಗಿಸುವವರ ಕಡೆ ನಿಲ್ಲುವವರಿಗೆ ತಾವೂ ಆ ಬೇಕು ಬೇಡಗಳುಳ್ಳ ಜನರ ಕಡೆಯವರು ಎಂದು ಒಪ್ಪಿಕೊಳ್ಳುವುದು ಸೋಲಿನಂತೆ, ಅವಮಾನದಂತೆ ತೋರುತ್ತದೆ. ಕೊಡುವುದು ಅತಿಯಾಯಿತು ಎಂಬುದು ಇಲ್ಲಿ ನಿಜವಾದ ತೊಂದರೆಯಲ್ಲ. ತನ್ನ ಅಗತ್ಯವನ್ನು ತನಗೇ ಒಪ್ಪಿಕೊಳ್ಳಲಾಗದಿರುವುದು ತೊಂದರೆ. ‘ಸ್ವಲ್ಪ ಕಮ್ಮಿ ಮಾಡು, ನಿನ್ನ ಆರೋಗ್ಯ ನೋಡ್ಕೋ’ ಎಂಬ ಬುದ್ಧಿವಾದ ಇವರಿಗೆ ತಟ್ಟದೇ ಹೋಗುವುದು ಈ ಕಾರಣಕ್ಕೆ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಇಂಥವರು ಕಾಯಿಲೆ ಬಿದ್ದಾಗ ನೋಡಬೇಕು. ಜ್ವರ ಬಂದು ಮಲಗಿದ್ದಾರೆ ಎನ್ನಿ. ಪಕ್ಕದ ಮನೆಯವರು ಸ್ಟೀಲ್ ಡಬ್ಬಿಯಲ್ಲಿ ಬಿಸಿ ಗಂಜಿ, ಮೇಲೊಂದು ಬಟ್ಟಲಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ತಂದುಕೊಡುತ್ತಾರೆ. ‘ಅಯ್ಯೋ, ನಿಮಗ್ಯಾಕೆ ತೊಂದರೆ, ನಾನೇ ಎದ್ದು ಮಾಡ್ಕೋತಿದ್ದೆ’ ಎಂದು ಮೊದಲ ಮಾತು. ಅವರು ಹೊರಟ ಮೇಲೆ ಎರಡು ಚಮಚ ಗಂಜಿ ಹೊಟ್ಟೆಗೆ ಹೋಗಿರುವುದೂ ಇಲ್ಲ, ಆಗಲೇ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆಯುತ್ತಾರೆ. ಉಳಿದ ಗಂಜಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಡಬ್ಬಿ ತೊಳೆದು ಒರೆಸುತ್ತಾರೆ. ಬರಿ ಪಾತ್ರೆ ವಾಪಸ್ ಕೊಡಬಾರದಲ್ಲ, ಶೆಲ್ಫಿನ ಮೇಲಿನ ಡಬ್ಬದಲ್ಲಿ ಹಬ್ಬಕ್ಕೆ ಮಾಡಿದ ಚಕ್ಕುಲಿ ಮಿಕ್ಕಿದೆಯೇ ಎಂದು ಸ್ಟೂಲು ಎಳೆದುಕೊಳ್ಳುತ್ತಾರೆ. ಮೈ ನೂರಾಎರಡು ಡಿಗ್ರಿ ಸುಡುತ್ತಿದೆ. ಪಾತ್ರೆಯಲ್ಲಿ ಏನಾದರೂ ಹಾಕಿ ಹಿಂದಿರುಗಿಸುವುದು ನಮ್ಮ ಕಡೆಯ ಸೊಗಸಾದ ಪದ್ಧತಿ, ಅದರಲ್ಲಿ ತಪ್ಪಿಲ್ಲ. ನಾಳೆಗೋ ನಾಡಿದ್ದಿಗೋ ಕೊಟ್ಟರೂ ನಡೆಯುತ್ತದೆ. ಇವರಿಗೆ ಮಾತ್ರ ಒಂದು ರಾತ್ರಿಯ ಮಟ್ಟಿಗೂ ಇನ್ನೊಬ್ಬರ ಹಂಗಿನಲ್ಲಿರುವುದು ಸಹಿಸದು. ಎಲ್ಲರೂ ತಮ್ಮ ಹಂಗಿನಲ್ಲಿರುವುದು ಅವರಿಗೆ ಸಹಜ, ತಾವು ಇನ್ನೊಬ್ಬರ ಹಂಗಿಗೆ ಬಿದ್ದರೆ ಉಸಿರು ಕಟ್ಟುತ್ತದೆ.

ಈ ಸ್ವಭಾವ ಎಲ್ಲಿಂದ ಬರುತ್ತದೆ? ರಿಸೋ ಮತ್ತು ಅವರ ಜೊತೆಗಾರ ರಸ್ ಹಡ್ಸನ್ ಹೇಳುವ ಪ್ರಕಾರ ಎರಡನೆಯ ಬಗೆಯ ಮಗು ಎಲ್ಲೋ ಒಂದು ಪಾಠ ಕಲಿತಿರುತ್ತದೆ: ನನ್ನ ಅಗತ್ಯಗಳನ್ನು ಮುಂದಿಡುವುದು ಸರಿಯಲ್ಲ. ಯಾರೂ ಕೂರಿಸಿಕೊಂಡು ಹೇಳಿಕೊಟ್ಟ ಪಾಠ ಇದಾಗಿರಬೇಕಿಲ್ಲ. ಅಮ್ಮನಿಗೆ ಹುಷಾರಿಲ್ಲದ ಮನೆಯಲ್ಲಿ ಆರು ವರ್ಷದ ಮಗಳು ತಂಗಿಗೆ ಹಾಲು ಕುಡಿಸಿದಾಗ ‘ನನ್ನ ಬಂಗಾರ, ಎಷ್ಟು ಜಾಣೆ’ ಎಂಬ ಮಾತು ಸಿಗುತ್ತದೆ. ತನಗೂ ಹಸಿವಾಗಿದೆ ಎಂದು ಅತ್ತಾಗ ‘ನೀನೂ ಹಿಂಗ್ ಮಾಡಿದ್ರೆ ಹೇಗೆ?’ ಎಂಬ ಮಾತು ಸಿಗುತ್ತದೆ. ಪ್ರೀತಿ ಸಿಗಬೇಕಾದರೆ ಉಪಯೋಗಕ್ಕೆ ಬರಬೇಕು ಎಂದು ಮಗು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಬರಬರುತ್ತಾ ಆ ಲೆಕ್ಕ ಮರೆತುಹೋಗಿ ಅಭ್ಯಾಸವೊಂದೇ ಉಳಿಯುತ್ತದೆ. ತನ್ನ ಹಸಿವನ್ನು ಬಚ್ಚಿಟ್ಟು ಬಚ್ಚಿಟ್ಟು, ಕೊನೆಗೆ ಅದನ್ನು ಎಲ್ಲಿಟ್ಟೆ ಎಂಬುದೇ ತಿಳಿಯದಂತಾಗುತ್ತದೆ. ದೊಡ್ಡವರಾದ ಮೇಲೆ ‘ನಿಮಗೇನು ಬೇಕು?’ ಎಂದರೆ ಉತ್ತರ ಹೊಳೆಯದಿರುವುದು ನಾಟಕವಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ.

ಹಸಿವು ಮರೆತರೂ ಹಸಿವು ಹೋಗುವುದಿಲ್ಲ. ಪ್ರೀತಿಸಲ್ಪಡಬೇಕು ಎಂಬ ಆಸೆ ಅಡ್ಡದಾರಿ ಹಿಡಿಯುತ್ತದೆ. ಎದುರಿಗಿರುವವರಿಗೆ ಏನು ಇಷ್ಟವೋ ಹಾಗೆ ಅವರು ತಮ್ಮನ್ನು ಒಗ್ಗಿಸಿಕೊಳ್ಳುತ್ತಾರೆ. ಅತ್ತಿಗೆಯ ಜೊತೆ ಒಂದು ಥರ, ಆಫೀಸಿನ ಮೇಲಿನವರ ಜೊತೆ ಇನ್ನೊಂದು ಥರ, ಮಗನ ಸ್ನೇಹಿತರ ಜೊತೆ ಮತ್ತೊಂದು ಥರ. ಇಚಾಜೊ ಈ ಬಗೆಗೆ ಅಂಟಿದ ಮನೋಭ್ರಮೆಯನ್ನು ಮುಖಸ್ತುತಿ ಎಂದು ಕರೆದ. ಬೇರೆಯವರನ್ನು ಹೊಗಳಿ ಬೆಣ್ಣೆ ಹಚ್ಚುವುದಷ್ಟೇ ಅದರ ಅರ್ಥವಲ್ಲ. ‘ನಾನಿಲ್ಲದಿದ್ದರೆ ಇವರಿಗೆ ಯಾರೂ ಇಲ್ಲ’ ಎಂದು ತನ್ನನ್ನು ತಾನೇ ಹೊಗಳಿಕೊಳ್ಳುವುದೂ ಅದರಲ್ಲಿ ಸೇರಿದೆ. ಹೀಗೆ ಕೊಟ್ಟದ್ದಕ್ಕೆಲ್ಲ ಒಳಗೊಂದು ಖಾತೆ ನಡೆಯುತ್ತಿರುತ್ತದೆ. ಬರೆದವರಿಗೇ ಆ ಖಾತೆಯ ಅರಿವಿಲ್ಲ. ಯಾರೋ ಹುಟ್ಟುಹಬ್ಬ ಮರೆತಾಗ, ಬಾಣಂತನಕ್ಕೆ ದುಡಿದ ಮನೆಯವರೇ ಗೃಹಪ್ರವೇಶಕ್ಕೆ ಫೋನಿನಲ್ಲಿ ಕರೆದು ಕೈ ತೊಳೆದುಕೊಂಡಾಗ ಅದು ಥಟ್ಟನೆ ತೆರೆದುಕೊಳ್ಳುತ್ತದೆ. ‘ಎಷ್ಟು ಮಾಡಿದ್ರೂ ಇಷ್ಟೇ’ ಎಂಬ ಮಾತು ಆಗ ಹೊರಬೀಳುತ್ತದೆ. ಹಿಂದಿನ ಉಪಕಾರಗಳೆಲ್ಲ ಒಂದೊಂದಾಗಿ ಎಣಿಸಲ್ಪಡುತ್ತವೆ. ಕೇಳಿಸಿಕೊಂಡವರು ತಬ್ಬಿಬ್ಬಾಗುತ್ತಾರೆ, ಅದೆಲ್ಲ ಪ್ರೀತಿಯಿಂದ ಬಂದದ್ದು ಎಂದುಕೊಂಡಿದ್ದರು, ಸಾಲವೆಂದು ಯಾರೂ ಹೇಳಿರಲಿಲ್ಲ.

ಎನ್ನಿಯಾಗ್ರಾಮಿನ ಆಕೃತಿ ಈ ತಿರುವನ್ನು ರೇಖೆಯಲ್ಲೇ ತೋರಿಸುತ್ತದೆ. ವೃತ್ತದೊಳಗೆ 3, 6, 9 ಸೇರಿ ಒಂದು ತ್ರಿಕೋನ. ಉಳಿದ ಆರು ಬಿಂದುಗಳನ್ನು ಕೂಡಿಸುವ ಕ್ರಮ 1, 4, 2, 8, 5, 7. ಒಂದನ್ನು ಏಳರಿಂದ ಭಾಗಿಸಿದರೆ ದಶಮಾಂಶ ಬಿಂದುವಿನ ನಂತರ ಬರುವ ಅಂಕೆಗಳು ಇವೇ, ಇದೇ ಕ್ರಮದಲ್ಲಿ. ಆ ಸಾಲಿನಲ್ಲಿ ಎರಡರ ಒಂದು ಪಕ್ಕ ಎಂಟು, ಇನ್ನೊಂದು ಪಕ್ಕ ನಾಲ್ಕು. ಒತ್ತಡ ಹೆಚ್ಚಿದಾಗ ಉಪಕಾರಿ ಎಂಟನೆಯ ಬಗೆಯ ಒರಟುತನಕ್ಕೆ ಜಾರುತ್ತಾರೆ, ಗದರುತ್ತಾರೆ, ಎಲ್ಲವನ್ನೂ ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುತ್ತಾರೆ. ಮನಸ್ಸು ಹದಗೊಂಡಾಗ ನಾಲ್ಕನೆಯ ಬಗೆಯ ಅಂತರ್ಮುಖತೆಯತ್ತ ಸರಿಯುತ್ತಾರೆ, ತಮ್ಮ ದುಃಖ ತಮಗೆ ಕಾಣಿಸುತ್ತದೆ. ಅಂಕಗಣಿತದ ಈ ಹೊಂದಾಣಿಕೆಗೆ ಮನುಷ್ಯ ಸ್ವಭಾವವನ್ನು ನಿರ್ಧರಿಸುವ ಶಕ್ತಿ ಇದೆಯೆಂದು ನಾನು ನಂಬುವುದಿಲ್ಲ. ಆದರೆ ಅದು ಬಣ್ಣಿಸುವ ನಡೆ, ಅಂದರೆ ಸದಾ ಮೃದುವಾಗಿದ್ದವರು ಒಮ್ಮೆಗೇ ಸಿಡಿಯುವುದು, ನಮ್ಮ ಸುತ್ತ ಕಾಣುವಂಥದ್ದೇ.

ಎಲ್ಲ ಲೇಖಕರೂ ಈ ಬಗೆಯನ್ನು ಒಂದೇ ರೀತಿ ಚಿತ್ರಿಸಿಲ್ಲ ಎಂಬುದನ್ನೂ ತಿಳಿದಿರಬೇಕು. ‘ಉಪಕಾರಿ’ ಎಂಬ ಸೌಮ್ಯವಾದ ಹೆಸರು ರಿಸೋ ಅವರ ದಾರಿಯಲ್ಲಿ ಬಂದದ್ದು. ಪಾಮರ್ ಇವರನ್ನು ಕೊಡುವವರು ಎಂದರು. ನರಾಂಜೋ ಇಟ್ಟ ಹೆಸರು ಖಾರವಾದದ್ದು: ಅಹಂಕೇಂದ್ರಿತ ಔದಾರ್ಯ. ಅವನ ಚಿತ್ರದಲ್ಲಿ ಎರಡನೆಯ ಬಗೆಯವರು ಅಡುಗೆಮನೆಯ ಮೂಲೆಯಲ್ಲಿ ಬೆವರು ಒರೆಸಿಕೊಳ್ಳುವವರಲ್ಲ. ಭಾವಾವೇಶದ, ಮನಸೆಳೆಯುವ, ತಾವು ವಿಶೇಷ ಎಂದು ನಂಬಿದ, ಕಟ್ಟುಪಾಡಿಗೆ ಒಗ್ಗದ ವ್ಯಕ್ತಿಗಳು ಅವರು. ಅವರು ಧಾರಾಳವಾಗಿ ಕೊಡುತ್ತಾರೆ, ಆದರೆ ಕೊಡುವಾಗ ತಮ್ಮ ಚಿತ್ರ ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂಬುದರ ಮೇಲೂ ಕಣ್ಣಿರುತ್ತದೆ. ಎರಡು ಚಿತ್ರಗಳೂ ಒಂದೇ ಬೇರಿನಿಂದ ಹೊರಟವು: ನಾನು ಇಲ್ಲದಿದ್ದರೆ ಆಗದು ಎಂಬ ನಂಬಿಕೆ ಒಬ್ಬರಲ್ಲಿ ಸೇವೆಯಾಗಿ, ಇನ್ನೊಬ್ಬರಲ್ಲಿ ಆಕರ್ಷಣೆಯಾಗಿ, ಊರ ಮುಖಂಡರಲ್ಲಿ ಹತ್ತು ಜನರ ಕೆಲಸ ಮಾಡಿಸಿಕೊಡುವ ಪ್ರಭಾವವಾಗಿ ತೋರುತ್ತದೆ. ‘ಅವರ ಹತ್ರ ಹೋದ್ರೆ ಆಗುತ್ತೆ’ ಎಂದು ಹೆಸರಾದ ಗಂಡಸರಲ್ಲೂ ಎರಡನೆಯ ಬಗೆಯವರು ಸಾಕಷ್ಟಿರುತ್ತಾರೆ.

ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಇದರಲ್ಲಿ ಎಡವಿದರೆ ದೊಡ್ಡ ಅನ್ಯಾಯವಾಗುತ್ತದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಕೊನೆಗೆ ಉಣ್ಣುವುದು, ಹಿರಿಸೊಸೆ ಎಲ್ಲರಿಗಿಂತ ಮೊದಲು ಏಳುವುದು, ಹಿರಿಮಗಳು ತಮ್ಮಂದಿರಿಗಾಗಿ ಓದು ಬಿಡುವುದು ಸ್ವಭಾವದಿಂದ ನಡೆದದ್ದಲ್ಲ. ಬೇರೆ ದಾರಿ ಕೊಡದೆ ನಡೆಸಿಕೊಂಡು ಬಂದದ್ದು. ಎನ್ನಿಯಾಗ್ರಾಮ್ ವಿಂಗಡಿಸುವುದು ಮಾಡುವ ಕೆಲಸವನ್ನಲ್ಲ, ಅದರ ಹಿಂದಿನ ಪ್ರೇರಣೆಯನ್ನು. ಬೆಳಗ್ಗೆ ಐದಕ್ಕೆದ್ದು ಹತ್ತು ಜನರಿಗೆ ರೊಟ್ಟಿ ತಟ್ಟುವ ಹೆಣ್ಣುಮಗಳು ಒಂದನೆಯ ಬಗೆಯವಳಾಗಿ ಕರ್ತವ್ಯವೆಂದು ತಟ್ಟುತ್ತಿರಬಹುದು, ಆರನೆಯವಳಾಗಿ ಮಾತು ಬಂದೀತೆಂಬ ಭಯಕ್ಕೆ ತಟ್ಟುತ್ತಿರಬಹುದು, ಒಂಬತ್ತನೆಯವಳಾಗಿ ಜಗಳ ಬೇಡವೆಂದು ತಟ್ಟುತ್ತಿರಬಹುದು. ಅವಳಿಗೆ ತನಗೇನು ಬೇಕೆಂಬುದು ಚೆನ್ನಾಗಿ ಗೊತ್ತಿರಬಹುದು, ಕೇಳುವವರು ಇಲ್ಲದಿರಬಹುದು. ಅಂಥವಳಿಗೆ ‘ನಿನ್ನ ದೋಷ ಅಹಂಕಾರ’ ಎಂದು ಹೇಳುವುದು ಕ್ರೌರ್ಯ. ತನ್ನ ಬಗೆ ಯಾವುದೆಂದು ಹೇಳುವ ಅಧಿಕಾರ ಆ ವ್ಯಕ್ತಿಗೆ ಮಾತ್ರ ಇರಬೇಕು ಎಂಬ ಶಿಸ್ತನ್ನು ನಾನು ಗೌರವಿಸುತ್ತೇನೆ. ಪಾಮರ್ ತಮ್ಮ ಶಿಬಿರಗಳಲ್ಲಿ ಆಯಾ ಬಗೆಯವರನ್ನೇ ಸಾಲಾಗಿ ಕೂರಿಸಿ ಅವರ ಬಾಯಿಂದಲೇ ಅವರ ಒಳಗನ್ನು ಕೇಳಿಸುತ್ತಿದ್ದುದು ಇದೇ ಕಾರಣಕ್ಕೆ ಮೆಚ್ಚುವಂಥದ್ದು.

ವಿಜ್ಞಾನ ಇದನ್ನೆಲ್ಲ ಎಷ್ಟು ಒಪ್ಪುತ್ತದೆ? ಅಷ್ಟಾಗಿ ಒಪ್ಪಿಲ್ಲ. ರಿಸೋ ಮತ್ತು ಹಡ್ಸನ್ ರೂಪಿಸಿದ ಪರೀಕ್ಷೆಯಲ್ಲಿ 144 ಜೋಡಿ ಹೇಳಿಕೆಗಳಿದ್ದು, ಪ್ರತಿ ಜೋಡಿಯಲ್ಲಿ ಒಂದನ್ನು ಆರಿಸಬೇಕು. ಇಂಥ ಪರೀಕ್ಷೆಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ‘ಜರ್ನಲ್ ಆಫ್ ಕ್ಲಿನಿಕಲ್ ಸೈಕಾಲಜಿ’ಯಲ್ಲಿ ಬಂದ ವಿಮರ್ಶೆ, ಆಧಾರಗಳು ಮಿಶ್ರವಾಗಿವೆ ಎಂದಿತು. ಆದ್ದರಿಂದ ನೌಕರಿಗೆ ತೆಗೆದುಕೊಳ್ಳಲು, ಗಂಡು ಹೆಣ್ಣು ಕೂಡಿಸಲು ಇದನ್ನು ಬಳಸುವುದು ಸಲ್ಲದು. ಆದರೆ ಎರಡನೆಯ ಬಗೆಯ ಚಿತ್ರಣಕ್ಕೆ ಎನ್ನಿಯಾಗ್ರಾಮಿನ ಹೊರಗೂ ನೆಂಟರಿದ್ದಾರೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವಿಶ್ಲೇಷಕಿ ಕರೆನ್ ಹಾರ್ನಿ 1945ರಲ್ಲೇ, ಆತಂಕಕ್ಕೆ ಸಿಕ್ಕವರು ಜನರ ವಿರುದ್ಧವೋ ಜನರಿಂದ ದೂರವೋ ಜನರ ಕಡೆಗೋ ಚಲಿಸುತ್ತಾರೆ ಎಂದು ಬರೆದಿದ್ದರು. ಜನರ ಕಡೆಗೆ ಚಲಿಸುವವರ ವರ್ಣನೆಯನ್ನು ಓದಿದರೆ, ಪ್ರೀತಿಗಾಗಿ ತನ್ನನ್ನು ಅಳಿಸಿಕೊಳ್ಳುವ ಇದೇ ಮನಸ್ಸು ಅಲ್ಲಿಯೂ ಕಾಣುತ್ತದೆ.

ಎರಡನೆಯ ಬಗೆಯವರು ತಲುಪಬೇಕಾದ ಗುಣ ವಿನಯ ಎನ್ನುತ್ತಾನೆ ಇಚಾಜೊ. ಆಗಲೇ ಬಾಗಿ ಬಾಗಿ ದುಡಿಯುವವರಿಗೆ ಇನ್ನೂ ಬಾಗು ಎಂದಂತೆ ಇದು ಕೇಳಿಸಬಾರದು. ಇಲ್ಲಿ ವಿನಯವೆಂದರೆ ತಾನೂ ಹಸಿಯುವ, ದಣಿಯುವ ಮನುಷ್ಯಜೀವಿ ಎಂದು ಒಪ್ಪಿಕೊಳ್ಳುವುದು. ಕೊಡುವವರು ಬೀಳಬಹುದಾದ ಈ ಗುಂಡಿಯನ್ನು ನಮ್ಮ ಹಿರಿಯರೂ ಕಂಡಿದ್ದರು. ದಾಸೋಹವನ್ನು ಬದುಕಿನ ನಡುವೆ ಇಟ್ಟ ಬಸವಣ್ಣನೇ, ನೀಡಿದ ಮೇಲೆ ನಾನು ಮಾಡಿದೆ ಎಂಬ ಎಣಿಕೆ ಮನಸ್ಸಿನಲ್ಲಿ ಸುಳಿದರೆ ಅದೇ ಕಾಡುತ್ತದೆ ಎಂದು ಎಚ್ಚರಿಸಿದ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಪ್ರತ್ಯುಪಕಾರ ಬಯಸಿ ಕೊಟ್ಟ ದಾನವನ್ನು ರಾಜಸವೆಂದು ಬೇರೆ ಮಾಡುತ್ತದೆ. ಅವರು ಹೇಳದೆ ಬಿಟ್ಟ ಒಂದು ಕೊಂಡಿಯನ್ನು ಎನ್ನಿಯಾಗ್ರಾಮ್ ಜೋಡಿಸುತ್ತದೆ ಎಂದು ನನಗೆ ತೋರುತ್ತದೆ: ಪ್ರತಿಫಲದ ಆಸೆಯನ್ನು ಸಂಕಲ್ಪದಿಂದ ಕಿತ್ತೆಸೆಯಲು ಇವರಿಗೆ ಆಗುವುದಿಲ್ಲ, ಏಕೆಂದರೆ ಅದು ಆಸೆಯ ರೂಪದಲ್ಲಿ ಅವರಿಗೆ ಕಂಡೇ ಇಲ್ಲ. ನನಗೂ ಪ್ರೀತಿ ಬೇಕು ಎಂದು ಮೊದಲು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿ ಪಡೆದವರಿಗೆ ಉಪಕಾರದ ಹೆಸರಿನಲ್ಲಿ ಅದನ್ನು ವಸೂಲು ಮಾಡುವ ಅಗತ್ಯ ಬೀಳುವುದಿಲ್ಲ.

ಇದರ ಅಭ್ಯಾಸ ಸಣ್ಣ ಮಾತುಗಳಲ್ಲಿ ನಡೆಯುತ್ತದೆ. ಉಪಕಾರಿ ಕೇಳುವುದಿದ್ದರೂ ಓರೆಯಾಗಿ ಕೇಳುತ್ತಾರೆ: ‘ಯಾಕೋ ಬೆನ್ನು ಹಿಡ್ಕೊಂಡಿದೆ... ಇರಲಿ ಬಿಡು.’ ಕೇಳಿಸಿಕೊಂಡವರು ಅರ್ಥ ಮಾಡಿಕೊಳ್ಳದಿದ್ದರೆ ಖಾತೆಯಲ್ಲಿ ಇನ್ನೊಂದು ಸಾಲು ಏರುತ್ತದೆ. ಆ ವಾಕ್ಯವನ್ನು ಪೂರ್ತಿ ಮಾಡಲು ಕಲಿಯಬೇಕು: ‘ಬೆನ್ನು ನೋಯ್ತಿದೆ, ಇವತ್ತು ರಾತ್ರಿ ಅಡುಗೆ ನೀನು ಮಾಡ್ತೀಯಾ?’ ಇಷ್ಟು ಹೇಳುವುದು ಅವರಿಗೆ ನೂರು ಜನರ ಅಡುಗೆಗಿಂತ ಕಷ್ಟ, ಏಕೆಂದರೆ ‘ಇವತ್ತು ಆಗಲ್ಲಮ್ಮ, ಮೀಟಿಂಗ್ ಇದೆ’ ಎಂಬ ಉತ್ತರ ಮಗನಿಂದ ಬರಬಹುದು. ಇಷ್ಟು ವರ್ಷ ಯಾವುದನ್ನೂ ಕೇಳದೇ ಇದ್ದದ್ದು ಆ ಒಂದು ‘ಆಗಲ್ಲ’ ಕೇಳಬಾರದೆಂದೇ. ಅದನ್ನು ಕೇಳಿ, ಬೇಜಾರಾಗಿ, ಹೋಟೆಲಿನಿಂದ ಇಡ್ಲಿ ತರಿಸಿ ತಿಂದು, ಮಗನ ಪ್ರೀತಿ ಮರುದಿನವೂ ಹಾಗೇ ಇದೆ ಎಂದು ಕಂಡಾಗ ಹಳೆಯ ಲೆಕ್ಕ ಸಡಿಲಗೊಳ್ಳಲು ಶುರುವಾಗುತ್ತದೆ. ಮನೆಯವರ ಪಾಲಿನ ಕೆಲಸವೂ ಒಂದಿದೆ. ಉಪಕಾರಿ ಮಾಡಿಕೊಟ್ಟದ್ದನ್ನು ಹೊಗಳುವುದು ಎಲ್ಲರಿಗೂ ಗೊತ್ತು. ಅವರು ಏನೂ ಮಾಡದೆ ಸುಮ್ಮನೆ ಕುಳಿತಿರುವ ಹೊತ್ತಿನಲ್ಲಿ ಪಕ್ಕಕ್ಕೆ ಹೋಗಿ ಕೂತು ಮಾತಾಡಬೇಕು. ‘ಕಾಫಿ ತರ್ಲಾ?’ ಎಂದು ಅವರು ಏಳಲು ಹೊರಟರೆ, ಬೇಡ, ಕೂತ್ಕೊಳ್ಳಿ ಎನ್ನಬೇಕು.